ಪುಕ್ಕದ ಬಣ್ಣ ನೋಡಿ ಕೌಜುಗದ ಮಾಂಸದ ಗುಣ ಹೇಳಬಹುದೇ?

ಶಿರಾ ಸೀಮೆಯವ

ಮಾಂಸಕ್ಕಾಗಿ ಜಪಾನಿ ಕೌಜುಗವನ್ನು, ಅಂದರೆ ಪೇಟೆಯಲ್ಲಿ ಎಲ್ಲರೂ ಕ್ವೇಲ್ ಎನ್ನುವ ಹಕ್ಕಿಯನ್ನು, ಸಾಕಲು ಸಿದ್ಧತೆ ಮಾಡಿಕೊಳ್ಳುತ್ತಿದ್ದೇನೆ. ಮರಿ ಕೊಡುವ ಒಂದು ಹ್ಯಾಚರಿಯವರು ಮೂರು ಬಣ್ಣದ ಮರಿಗಳಿಗೆ ಮೂರು ಬೆಲೆ ಹೇಳುತ್ತಿದ್ದಾರೆ. ಕಂದು ಪಟ್ಟೆಯ ಮಾಮೂಲಿ ಮರಿಗೆ ಕಡಿಮೆ, ಹೊಂಬಣ್ಣದ್ದಕ್ಕೆ ಅದಕ್ಕಿಂತ ಹೆಚ್ಚು, ಕಪ್ಪಿಗೆ ಎಲ್ಲಕ್ಕಿಂತ ಹೆಚ್ಚು. ಹೊಂಬಣ್ಣದ ಹಕ್ಕಿಯ ಮಾಂಸ ಮೆದುವಾಗಿರುತ್ತದೆ, ಕಪ್ಪು ಹಕ್ಕಿಯ ಮಾಂಸದಲ್ಲಿ ಕಸುವು ಹೆಚ್ಚು, ಬಣ್ಣದ ಜೀನೇ ಮಾಂಸದ ಗುಣವನ್ನೂ ನಿರ್ಧರಿಸುತ್ತದೆ ಎಂಬುದು ಅವರ ವಾದ. ಇದಕ್ಕೆ ಸಂಶೋಧನೆಯ ಆಧಾರವಿದೆ ಎಂದೂ ಸೇರಿಸಿದರು. ಬಣ್ಣಕ್ಕೆ ಹಣ ಕೊಡುವ ಮೊದಲು ತಿಳಿದವರನ್ನು ಕೇಳಿಬಿಡೋಣ ಎಂದು ಇಲ್ಲಿ ಬರೆದಿದ್ದೇನೆ.

ಪಶುವೈದ್ಯ, ಹಾಸನ

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಪುಕ್ಕಕ್ಕೆ ಬಣ್ಣ ಕೊಡುವುದು ಮೆಲನಿನ್. ಮಾಂಸಕ್ಕೆ ಕೆಂಪು ಕೊಡುವುದು ಮಯೋಗ್ಲೋಬಿನ್ ಎಂಬ, ಸ್ನಾಯುವಿನೊಳಗೆ ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನು. ಇವೆರಡಕ್ಕೂ ನೇರ ನಂಟಿಲ್ಲ. ಕೌಜುಗದ ಎದೆಮಾಂಸ ಬ್ರಾಯ್ಲರ್ ಕೋಳಿಯ ಎದೆಮಾಂಸಕ್ಕಿಂತ ಕಡುಬಣ್ಣದ್ದಾಗಿರುವುದಕ್ಕೆ ಕಾರಣ ಅದರ ಪೂರ್ವಜರು ದೂರದೂರಕ್ಕೆ ವಲಸೆ ಹಾರುತ್ತಿದ್ದ ಹಕ್ಕಿಗಳಾಗಿದ್ದುದು. ಹಾರುವ ಆ ಸ್ನಾಯುವಿನಲ್ಲಿ ಆಮ್ಲಜನಕ ಬಳಸುವ ಕೆಂಪು ಎಳೆಗಳೇ ಹೆಚ್ಚು. ಬಿಳಿ ಪುಕ್ಕದ ಕೌಜುಗವನ್ನು ಕೊಯ್ದರೂ ಎದೆಮಾಂಸ ಅಷ್ಟೇ ಕೆಂಪಾಗಿರುತ್ತದೆ.

ಎರಡನೆಯದಾಗಿ, 'ಕಸುವು' ಎಂಬುದನ್ನು ಯಾವ ಪ್ರಯೋಗಾಲಯವೂ ಅಳೆಯುವುದಿಲ್ಲ. ಮಾಂಸದ ಗುಣ ಎಂದಾಗ ಅಳೆಯುವುದು ಕೆಲವು ನಿರ್ದಿಷ್ಟ ಸಂಗತಿಗಳನ್ನು: ಕೊಯ್ದ ಮುಕ್ಕಾಲು ಗಂಟೆಗೆ ಮತ್ತು ಮರುದಿನ ಇರುವ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ), ತೂಗುಹಾಕಿದಾಗ ಸೋರಿಹೋಗುವ ನೀರು, ಬೇಯಿಸಿದಾಗ ಇಳಿಯುವ ತೂಕ, ಬೆಂದ ತುಂಡನ್ನು ಕತ್ತರಿಸಲು ಬೇಕಾಗುವ ಬಲ, ಸ್ನಾಯುವಿನೊಳಗಿನ ಕೊಬ್ಬು, ಎಳೆಗಳ ದಪ್ಪ. ಇವುಗಳಲ್ಲಿ ಪಿಎಚ್ ಮುಖ್ಯ. ಹಕ್ಕಿ ಸತ್ತ ಮೇಲೆ ಸ್ನಾಯುವಿನಲ್ಲಿ ಉಳಿದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಲ್ಯಾಕ್ಟಿಕ್ ಆಮ್ಲವಾಗಿ ಪಿಎಚ್ ಇಳಿಯುತ್ತದೆ. ಮಾಂಸ ಇನ್ನೂ ಬಿಸಿಯಾಗಿರುವಾಗಲೇ ಅದು ಸರ್ರನೆ ಇಳಿದರೆ ಮಾಂಸ ಪೇಲವವಾಗಿ ನೀರು ಬಿಡುತ್ತದೆ. ಹಕ್ಕಿ ಮೊದಲೇ ಬೆದರಿ, ಬಡಿದಾಡಿ ಗ್ಲೈಕೋಜನ್ ಖಾಲಿಮಾಡಿಕೊಂಡಿದ್ದರೆ ಪಿಎಚ್ ಇಳಿಯುವುದೇ ಇಲ್ಲ. ಅಂಥ ಮಾಂಸ ಕಪ್ಪಗೆ, ಅಂಟಂಟಾಗಿ ಕಂಡು ಬೇಗ ಕೆಡುತ್ತದೆ. ಇಕ್ಕಟ್ಟಾದ ಬುಟ್ಟಿಯಲ್ಲಿ ಬಿಸಿಲಿಗೆ ಒಡ್ಡಿ ಸಾಗಿಸಿದ ಹಕ್ಕಿಯ ಮಾಂಸವನ್ನು ಪುಕ್ಕದ ಯಾವ ಬಣ್ಣವೂ ಕಾಪಾಡುವುದಿಲ್ಲ.

ಬಣ್ಣಕ್ಕೆ ಬೆಲೆ ಸಿಗುವುದು ಒಂದೇ ಕಡೆ. ಚರ್ಮ ಉಳಿಸಿ ಇಡೀ ಹಕ್ಕಿಯನ್ನು ಮಾರುವಾಗ, ಕಡುಬಣ್ಣದ ಪುಕ್ಕದ ಬುಡಗಳು ಚರ್ಮದಲ್ಲಿ ಉಳಿದರೆ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ, ತಿಳಿಬಣ್ಣದವು ಕಾಣುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಚರ್ಮ ಸುಲಿದೇ ಕೊಡುವುದು ಹೆಚ್ಚಾದ್ದರಿಂದ ಆ ಲಾಭವೂ ಇಲ್ಲ.

ಜೀನು ಓದುವವಳು

ಪಶುವೈದ್ಯರು ಹೇಳಿದ್ದು ಸರಿ. ಆದರೆ 'ನೇರ ನಂಟಿಲ್ಲ' ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ. ಕೌಜುಗದ ಕೆಲವು ಬಣ್ಣದ ರೂಪಾಂತರಗಳು ಹಕ್ಕಿಯ ಮೈಯ ಮೇಲೆ ನಿಜಕ್ಕೂ ಪರಿಣಾಮ ಮಾಡುತ್ತವೆ. ಆ ಪರಿಣಾಮ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಹ್ಯಾಚರಿಯವರ ವಾದದ ತೂಕ ತಾನಾಗಿ ಗೊತ್ತಾಗುತ್ತದೆ.

ಫ್ರಾನ್ಸಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಫ್ರಾನ್ಸಿಸ್ ಮಿನ್ವಿಯೆಲ್ ಮತ್ತು ಸಂಗಡಿಗರು ಕೌಜುಗದ ಬಣ್ಣಗಳ ಮೇಲೆ ಬಹುಕಾಲ ಕೆಲಸ ಮಾಡಿದರು. ಅವರು ಕೈಗೆತ್ತಿಕೊಂಡ ಬಣ್ಣಗಳಲ್ಲಿ ಲ್ಯಾವೆಂಡರ್ ಕೂಡ ಒಂದು. ಬೂದುನೀಲಿ ಛಾಯೆಯ ಪುಕ್ಕ ಅದು. ಕೋಳಿಯಲ್ಲೂ ಇದೇ ಬಣ್ಣವಿದೆ. ಎರಡೂ ಒಂದೇ ಜೀನಿನ ಕೆಲಸವೇ ಎಂದು ನೋಡಲು ಅವರು ಕೋಳಿ ಮತ್ತು ಕೌಜುಗದ ನಡುವೆಯೇ ಸಂಕರ ಮಾಡಿ, ಹುಟ್ಟಿದ ಮಿಶ್ರ ಮರಿಗಳ ಬಣ್ಣ ಪರೀಕ್ಷಿಸಿದರು. ಜೀನು ಒಂದೇ ಎಂದು ತಿಳಿಯಿತು: ಎಂಎಲ್‌ಪಿಎಚ್, ಬಣ್ಣದ ಕಣಗಳನ್ನು ಜೀವಕೋಶದೊಳಗೆ ಸಾಗಿಸುವ ಪ್ರೋಟೀನಿನದು. ಆದರೆ ಜೀನು ಕೆಟ್ಟ ಬಗೆ ಮಾತ್ರ ಎರಡರಲ್ಲೂ ಬೇರೆ. ಕೋಳಿಯಲ್ಲಿ ಡಿಎನ್ಎಯ ಒಂದೇ ಒಂದು ಅಕ್ಷರ ಬದಲಾಗಿದೆ. ಕೌಜುಗದಲ್ಲಾದರೋ ವರ್ಣತಂತುವಿನ ಎರಡು ತುಣುಕುಗಳು ತಲೆಕೆಳಗಾಗಿ, ಒಂದು ತುಣುಕು ಕಳಚಿಯೇ ಹೋಗಿದೆ. ಗೋಡೆಗೆ ಬಣ್ಣ ಬಳಿಯಲು ಬಂದವರು ಪಕ್ಕದ ಮೂರು ಮನೆಗಳ ಗೋಡೆಯನ್ನೂ ಕೆಡವಿ ಹೋದಂತೆ, ಎಂಎಲ್‌ಪಿಎಚ್ ಜೊತೆಗೆ ಅದರ ನೆರೆಯ ಮೂರು ಜೀನುಗಳೂ ಅಸ್ತವ್ಯಸ್ತವಾಗಿವೆ. ಅವುಗಳಲ್ಲಿ ಪಿಆರ್‌ಎಲ್‌ಎಚ್ ಎಂಬುದು ಇಲ್ಲವೇ ಆಗಿದೆ. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಲ್ಯಾವೆಂಡರ್ ಕೌಜುಗಗಳ ತೂಕ ಕಡಿಮೆ, ಮೈಬಿಸಿ ಕಡಿಮೆ, ತಿನ್ನುವ ಮೇವು ಮಾತ್ರ ಹೆಚ್ಚು.

ಎರಡು ಜಾತಿಯಲ್ಲೂ ಬಣ್ಣ ಅದೇ, ಜೀನೂ ಅದೇ. ಆದರೆ ಮೇವು ಹೆಚ್ಚು ತಿಂದು ತೂಕ ಕಳೆದುಕೊಳ್ಳುವ ಕೌಜುಗದ ಪಾಡು ಅದೊಂದು ಅಕ್ಷರದ ಬದಲಾವಣೆಯಿಂದ ಬರುವಂಥದ್ದಲ್ಲ. ಅದರ ಹಿಂದೆ ಇರುವುದು ನೆರೆಯ ಜೀನುಗಳನ್ನೂ ಸೇರಿಸಿಕೊಂಡು ಆದ ಆ ದೊಡ್ಡ ಒಡಕು. ಸಾಕಣೆದಾರನ ಲೆಕ್ಕದಲ್ಲಿ ಇದು ನಷ್ಟದ ಬಣ್ಣ, ಎಷ್ಟೇ ಚೆಂದ ಕಂಡರೂ.

ಶಿರಾ ಸೀಮೆಯವ

ನನಗೆ ಹೇಳಿದ್ದು ಹೊಂಬಣ್ಣ ಮತ್ತು ಕಪ್ಪು. ಅವುಗಳ ಕಥೆಯೂ ಹೀಗೆಯೇ?

ಜೀನು ಓದುವವಳು

ಅವುಗಳದ್ದು ಇನ್ನೂ ಸ್ವಾರಸ್ಯದ ಕಥೆ. ಕೌಜುಗದಲ್ಲಿ ಹಳದಿ ಎಂದು ಕರೆಯುವ ಈ ಹೊಂಬಣ್ಣವೂ, ಒಂದು ಬಗೆಯ ಕಪ್ಪೂ ಒಂದೇ ಜೀನಿನ ಎರಡು ಮುಖಗಳು. ಎಎಸ್ಐಪಿ ಎಂಬ ಈ ಜೀನನ್ನು ಇಲಿಯ ಅಧ್ಯಯನ ಮಾಡುವವರು ಅಗೌಟಿ ಎನ್ನುತ್ತಾರೆ. ಕಪ್ಪು ಮೆಲನಿನ್ ತಯಾರಾಗಲಿ ಎಂದು ಬಣ್ಣದ ಕೋಶಕ್ಕೆ ಸಿಗುವ ಸಂಕೇತವನ್ನು ತಡೆಯುವುದು ಇದರ ಕೆಲಸ. ಇದು ಕೆಲಸ ಮಾಡದಿದ್ದರೆ ಹಕ್ಕಿ ಕಪ್ಪಾಗುತ್ತದೆ, ವಿಪರೀತ ಕೆಲಸ ಮಾಡಿದರೆ ಹಳದಿಯಾಗುತ್ತದೆ.

ಹಳದಿ ಬಣ್ಣದ ಹಿಂದಿರುವುದು ಈ ಜೀನಿನ ಮುಂಭಾಗದಲ್ಲಿ 90 ಸಾವಿರಕ್ಕೂ ಹೆಚ್ಚು ಅಕ್ಷರಗಳಷ್ಟು ಉದ್ದದ ಡಿಎನ್ಎ ಕಳಚಿಹೋಗಿರುವುದು. 2008ರಲ್ಲಿ ಇದನ್ನು ಗುರುತಿಸಿದರು. ಕಳಚಿದ ಭಾಗದಲ್ಲಿ ಬೇರೆ ಎರಡು ಜೀನುಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಹೋಗಿವೆ. ಅವುಗಳಲ್ಲಿ ಒಂದನ್ನು ಚಾಲೂ ಮಾಡುತ್ತಿದ್ದ ಗುಂಡಿ ಈಗ ಅಗೌಟಿಗೆ ತಗುಲಿಕೊಂಡು, ಅಗೌಟಿ ತಾನು ಇರಬಾರದ ಅಂಗಾಂಶಗಳಲ್ಲೂ ಕೆಲಸ ಶುರುಮಾಡಿದೆ. ಇಂಥ ಮರಿಗೆ ತಂದೆತಾಯಿ ಇಬ್ಬರಿಂದಲೂ ಹಳದಿ ಜೀನು ಬಂದರೆ ಅದು ಮೊಟ್ಟೆಯೊಳಗೇ ಸಾಯುತ್ತದೆ. ಹಳದಿಗೆ ಹಳದಿಯನ್ನೇ ಜೊತೆಮಾಡಿದರೆ ಫಲಿತ ಮೊಟ್ಟೆಗಳಲ್ಲಿ ನಾಲ್ಕನೆಯ ಒಂದು ಪಾಲು ಹೀಗೆ ಹೋಗುತ್ತದೆ. ಬದುಕಿ ಹೊರಬಂದ ಮರಿಗಳಲ್ಲಿ ಮೂರನೆಯ ಎರಡು ಪಾಲು ಹಳದಿ, ಉಳಿದವು ಮಾಮೂಲಿ ಬಣ್ಣದವು. ನಿಮ್ಮ ಹ್ಯಾಚರಿಯವರು ಹೊಂಬಣ್ಣಕ್ಕೆ ಹೆಚ್ಚು ಬೆಲೆ ಹೇಳುವುದಕ್ಕೆ ಮಾಂಸಕ್ಕಿಂತ ಇದೇ ನಿಜವಾದ ಕಾರಣವಿದ್ದರೂ ಇರಬಹುದು.

ಅದೇ ವರ್ಷ ಜಪಾನಿನಿಂದ ಇನ್ನೊಂದು ಪ್ರಬಂಧ ಬಂತು. ಅಪ್ರಬಲ ಕಪ್ಪು (ತಂದೆತಾಯಿ ಇಬ್ಬರಿಂದಲೂ ಜೀನು ಬಂದರೆ ಮಾತ್ರ ಕಾಣುವಂಥದ್ದು) ಎಂಬ ಬಣ್ಣ ಇದೇ ಜೀನಿನಲ್ಲಿ ಎಂಟು ಅಕ್ಷರಗಳು ಬಿಟ್ಟುಹೋಗಿ, ಪ್ರೋಟೀನು ಹಾಳಾದುದರ ಫಲ ಎಂದು ಅದು ತೋರಿಸಿತು. ಆ ಕಪ್ಪು ಹಕ್ಕಿಗಳು ಆರಾಮವಾಗಿ ಬದುಕುತ್ತವೆ. ಅಗೌಟಿ ಇಲ್ಲದೆಯೂ ಕೌಜುಗ ಬದುಕಬಲ್ಲದು ಎಂದಾದ ಮೇಲೆ, ಹಳದಿ ಮರಿ ಸಾಯುವುದಕ್ಕೆ ಅದರ ಪಕ್ಕದಲ್ಲಿ ಕಳಚಿಹೋದ ಜೀನುಗಳ ಕಡೆಗೇ ಬೊಟ್ಟುಮಾಡಬೇಕಾಗುತ್ತದೆ. ಇಲ್ಲಿಯೂ ನೆರೆಮನೆಯ ನಷ್ಟವನ್ನು ಬಣ್ಣದ ತಲೆಗೆ ಕಟ್ಟುತ್ತಿದ್ದೇವೆ.

ಈಗ ಮಾಂಸಕ್ಕೆ ಬರುತ್ತೇನೆ. ಇದೇ ತರಹದ ಬದಲಾವಣೆಯಿರುವ ಹಳದಿ ಇಲಿಗಳು ವಿಪರೀತ ಬೊಜ್ಜು ಬೆಳೆಸಿಕೊಂಡು ಮಧುಮೇಹಕ್ಕೆ ಬೀಳುತ್ತವೆ. ಎಲ್ಲೆಂದರಲ್ಲಿ ತಯಾರಾದ ಅಗೌಟಿ ಪ್ರೋಟೀನು ಮಿದುಳಿನಲ್ಲಿ ಹಸಿವನ್ನು ಹದ್ದುಬಸ್ತಿನಲ್ಲಿಡುವ ಎಂಸಿ4ಆರ್ ಎಂಬ ಗ್ರಾಹಿಯನ್ನೂ (ಸಂಕೇತ ಹಿಡಿಯುವ ಪ್ರೋಟೀನು) ಮುಚ್ಚಿಬಿಡುವುದೇ ಅದಕ್ಕೆ ಕಾರಣ. ಆದ್ದರಿಂದ ಹಳದಿ ಕೌಜುಗದಲ್ಲಿ ಕೊಬ್ಬು ಸ್ವಲ್ಪ ಬೇರೆಯಾಗಿರಬಹುದೇ ಎಂದು ಕೇಳುವುದು ಅರ್ಥವಿಲ್ಲದ ಪ್ರಶ್ನೆಯೇನಲ್ಲ. ಮಿನ್ವಿಯೆಲ್ ತಂಡ 2007ರಲ್ಲಿ ಹಳದಿ ಹಕ್ಕಿಗಳ ಬೆಳವಣಿಗೆ, ಮೇವು, ಮೈಬಿಸಿ, ದೇಹದ ರಚನೆ ಎಲ್ಲವನ್ನೂ ಅಳೆದದ್ದು ಈ ಅನುಮಾನದಿಂದಲೇ. ಆದರೂ ಇಲಿಯ ಬೊಜ್ಜನ್ನು ನೆನಪಿಸಿಕೊಂಡು ಹಳದಿ ಕೌಜುಗದಲ್ಲಿ ಅಂಥದ್ದನ್ನೇ ನಿರೀಕ್ಷಿಸಿದರೆ ನಿರಾಶೆ ಖಂಡಿತ.

ಇನ್ನೊಂದು ಕಡುಗಂದು ಬಣ್ಣವಿದೆ. ಅದು ಎಂಸಿ1ಆರ್ ಎಂಬ ಬೇರೆ ಜೀನಿನದು. ಬಣ್ಣದ ಕೋಶದ ಮೇಲಿರುವ ಗ್ರಾಹಿಯ 92ನೆಯ ಅಮೈನೋ ಆಮ್ಲ ಬದಲಾಗಿ, ಹಾರ್ಮೋನು ಬರಲಿ ಬಿಡಲಿ ಗ್ರಾಹಿ ಸದಾ ಚಾಲೂ ಇರುತ್ತದೆ. ಕೋಳಿಯಲ್ಲಿಯೂ ಇಲಿಯಲ್ಲಿಯೂ ಇದೇ ಜಾಗದ ಇದೇ ಬದಲಾವಣೆ ಕಪ್ಪು ಮೈಬಣ್ಣ ಕೊಡುತ್ತದೆ. ಕಪ್ಪು ಹಕ್ಕಿ ಗಟ್ಟಿಗ, ಒತ್ತಡ ತಾಳುತ್ತದೆ, ಹಾಗಾಗಿ ಮಾಂಸವೂ ಒಳ್ಳೆಯದು ಎಂಬ ವಾದಕ್ಕೆ ಕೆಲವರು ಮೆಲನಿನ್‌ನ ಹಾರ್ಮೋನೂ ಒತ್ತಡದ ಹಾರ್ಮೋನೂ ಒಂದೇ ಮೂಲ ಪ್ರೋಟೀನಿನಿಂದ ಹುಟ್ಟುತ್ತವೆ ಎಂಬ ಅಂಶವನ್ನು ಎಳೆದುತರುತ್ತಾರೆ. ಆ ಅಂಶ ನಿಜ. ಆದರೆ ಇಲ್ಲಿ ಬದಲಾಗಿರುವುದು ಹಾರ್ಮೋನು ಅಲ್ಲ, ಚರ್ಮದಲ್ಲಿನ ಗ್ರಾಹಿ. ಹಾರ್ಮೋನಿನ ಪ್ರಮಾಣ ಹೆಚ್ಚಾಗದೆಯೇ ಪುಕ್ಕ ಕಪ್ಪಾಗಿದೆ. ಹಾಗಾಗಿ ಆ ವಾದ ಈ ಬಣ್ಣಕ್ಕೆ ಅನ್ವಯಿಸುವುದಿಲ್ಲ.

ಮಿಲಿಟರಿ ಹೋಟೆಲಿನವ

ಪುಸ್ತಕದ ಮಾತು ಒಪ್ಪಿದೆ. ಆದರೆ ಒಲೆಯ ಮುಂದೆ ನಿಲ್ಲುವವನು ನಾನು. ನಮಗೆ ಹಕ್ಕಿ ಕೊಡುವವರ ಹತ್ತಿರ ಒಂದೇ ಗೂಡಿನಲ್ಲಿ ಎರಡು ಬಣ್ಣದವು ಬರುತ್ತವೆ: ಮಾಮೂಲಿ ಕಂದು, ಮತ್ತು ತಿಳಿಯಾದ ಕೆಂಚು. ಕೆಂಚು ಬಣ್ಣದವು ತುಸು ತೂಕ, ಕೊಯ್ದಾಗ ಹೊಟ್ಟೆಯ ಬಳಿ ಹಳದಿ ಕೊಬ್ಬು ಹೆಚ್ಚು, ಹುರಿದರೆ ಎಣ್ಣೆ ಬಿಡುವುದೂ ಹೆಚ್ಚು. ಕಂದು ಬಣ್ಣದವು ಸಪೂರ, ಕಚ್ಚಿದರೆ ಸ್ವಲ್ಪ ಬಿಗಿ. ಒಂದೇ ದಿನ ಹುಟ್ಟಿ, ಒಂದೇ ಮೇವು ತಿಂದ ಹಕ್ಕಿಗಳು. ಇದು ಬಣ್ಣದ್ದಲ್ಲದಿದ್ದರೆ ಮತ್ತೇನು ಎಂದು ತಿಳಿಸಿ.

ಜೀನು ಓದುವವಳು

ನಿಮ್ಮ ಕೈ ಮತ್ತು ನಾಲಿಗೆ ಹೇಳಿದ್ದು ಸುಳ್ಳಲ್ಲ. ಒಂದು ಪ್ರಶ್ನೆಗೆ ಉತ್ತರಿಸಿ: ಆ ಕೆಂಚು ಹಕ್ಕಿಗಳನ್ನು ಕೊಯ್ದಾಗ ಒಳಗೆ ಬಲಿಯುತ್ತಿರುವ ಮೊಟ್ಟೆಯ ಗೊಂಚಲು ಕಾಣಿಸುತ್ತದೆಯೇ?

ಮಿಲಿಟರಿ ಹೋಟೆಲಿನವ

ಕಾಣಿಸುತ್ತದೆ. ಕಂದು ಹಕ್ಕಿಗಳಲ್ಲಿ ಕಂಡ ನೆನಪಿಲ್ಲ.

ಜೀನು ಓದುವವಳು

ಹಾಗಿದ್ದರೆ ಒಗಟು ಬಿಡಿಸಿದಂತಾಯಿತು. ಕೌಜುಗದಲ್ಲಿ ರೂ ಎಂಬ ಕೆಂಚು ಬಣ್ಣವಿದೆ. ಅದರ ಜೀನು ಟಿವೈಆರ್‌ಪಿ1, ಇರುವುದು ಝಡ್ ಎಂಬ ಲಿಂಗ ವರ್ಣತಂತುವಿನ ಮೇಲೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ತಂದೆಯಿಂದ ಬಂದ ಒಂದೇ. ಮಾಮೂಲಿ ಜೀನು ಒಂದಿದ್ದರೂ ಕೆಂಚು ಕಾಣಿಸಿಕೊಳ್ಳುವುದಿಲ್ಲ. ಕೆಂಚು ಗಂಡನ್ನು ಕಂದು ಹೆಣ್ಣಿಗೆ ಬಿಟ್ಟರೆ, ಹುಟ್ಟುವ ಹೆಣ್ಣುಮರಿಗಳೆಲ್ಲ ತಂದೆಯ ಕೆಂಚು ಬಣ್ಣಕ್ಕೂ, ಗಂಡುಮರಿಗಳೆಲ್ಲ ಕಂದು ಬಣ್ಣಕ್ಕೂ ಬರುತ್ತವೆ. ಮರಿ ಹುಟ್ಟಿದ ದಿನವೇ ಗಂಡುಹೆಣ್ಣು ಬೇರ್ಪಡಿಸಲು ಈ ಉಪಾಯ ಅನುಕೂಲ. ನಿಮಗೆ ಹಕ್ಕಿ ಕೊಡುವವರು ಇಂಥ ಸಂಕರವನ್ನೇ ಬೆಳೆಸುತ್ತಿರಬೇಕು.

ಜಪಾನಿ ಕೌಜುಗದಲ್ಲಿ ಗಂಡಿಗಿಂತ ಹೆಣ್ಣೇ ತೂಕ. ಐದಾರು ವಾರಕ್ಕೆ ಅದು ಮೊಟ್ಟೆಗೆ ಬರುವ ಹೊತ್ತಿನಲ್ಲಿ ಅಂಡಾಶಯ, ಅಂಡನಾಳ, ಯಕೃತ್ತು ಎಲ್ಲವೂ ಹಿಗ್ಗುತ್ತವೆ, ಹೊಟ್ಟೆಯ ಕೊಬ್ಬು ಸೇರುತ್ತದೆ. ನೀವು ಬಣ್ಣವೆಂದು ಸವಿಯುತ್ತಿರುವುದು ಹೆಣ್ಣುಗಂಡಿನ ವ್ಯತ್ಯಾಸವನ್ನು.

ಇದೇ ಎಡವಟ್ಟು ಲೆಕ್ಕವಿಡುವ ಪ್ರಯೋಗಗಳೊಳಗೂ ನುಸುಳಬಹುದು. ಮಾಮೂಲಿ ಬಣ್ಣದ ಕೌಜುಗದಲ್ಲಿ ಮೂರು ವಾರಕ್ಕೆ ಎದೆಯ ಪುಕ್ಕ ನೋಡಿ ಲಿಂಗ ಹೇಳಬಹುದು: ಗಂಡಿನ ಎದೆ ಇಟ್ಟಿಗೆಗೆಂಪು, ಹೆಣ್ಣಿನದು ಮಾಸಲು, ಅದರ ಮೇಲೆ ಕಪ್ಪು ಚುಕ್ಕೆ. ಬಿಳಿಯಲ್ಲಿ, ಕಡುಗಂದಿನಲ್ಲಿ ಈ ಗುರುತು ಇಲ್ಲ. ಬಾಲದ ಕೆಳಗೆ ಒತ್ತಿ, ಗಂಡಿನ ಗ್ರಂಥಿಯಿಂದ ಬರುವ ಬಿಳಿ ನೊರೆ ನೋಡಿ ತಿಳಿಯಬೇಕು, ಅದೂ ಹಕ್ಕಿ ಪ್ರಾಯಕ್ಕೆ ಬಂದ ಮೇಲೆ. ಒಂದು ಬಣ್ಣದ ಗುಂಪಿನಲ್ಲಿ ಗಂಡು ಹೆಚ್ಚು, ಇನ್ನೊಂದರಲ್ಲಿ ಹೆಣ್ಣು ಹೆಚ್ಚು ಬಿದ್ದರೆ ಮಾಂಸದ ಎಲ್ಲ ಅಂಕಿಗಳೂ ವಾಲಿಬಿಡುತ್ತವೆ.

ಕಡಕ್‌ನಾಥ್ ಅಭಿಮಾನಿ

ಕಪ್ಪು ಬಣ್ಣಕ್ಕೂ ಮಾಂಸಕ್ಕೂ ಸಂಬಂಧವಿಲ್ಲ ಎನ್ನುವವರು ಕಡಕ್‌ನಾಥ್ ಕೋಳಿಗೆ ಏನು ಹೇಳುತ್ತಾರೆ? ಅದರ ಮಾಂಸ, ಮೂಳೆಯ ಹೊರಪದರ ಎಲ್ಲವೂ ಕಪ್ಪು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ.

ಪಶುವೈದ್ಯ, ಹಾಸನ

ಕಡಕ್‌ನಾಥ್‌ನ ಮಾಂಸ ಕಪ್ಪಾಗುವುದು ಪುಕ್ಕದ ಜೀನಿನಿಂದಲ್ಲ. ಇಡಿಎನ್3 ಎಂಬ ಜೀನಿರುವ ವರ್ಣತಂತುವಿನ ಭಾಗ ಇಮ್ಮಡಿಯಾಗಿ, ಭ್ರೂಣದಲ್ಲಿ ಬಣ್ಣದ ಕೋಶಗಳು ಮಿತಿಮೀರಿ ಹೆಚ್ಚಿ, ಚರ್ಮದಲ್ಲಿ ನಿಲ್ಲದೆ ಒಳಗಿನ ಅಂಗಾಂಶಗಳಿಗೂ ಹರಡುವುದು ಅದಕ್ಕೆ ಕಾರಣ. ಚೀನಾದ ಸಿಲ್ಕಿ ಕೋಳಿಯಲ್ಲೂ ಇದೇ ಬದಲಾವಣೆಯಿದೆ, ಆದರೆ ಅದರ ಪುಕ್ಕ ಹಾಲಿನಂತೆ ಬಿಳಿ! ಪುಕ್ಕ ಬಿಳಿ, ಮಾಂಸ ಕಪ್ಪು. ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಮೇಲೆ ಹೇಳಿದ ಕೌಜುಗದ ಎರಡೂ ಕಪ್ಪುಗಳಿಗೆ ಕಾರಣ ಬೇರೆ ಜೀನುಗಳು. ಆದ್ದರಿಂದ ಕಡಕ್‌ನಾಥ್‌ನ ಹೆಸರಿನಲ್ಲಿ ಕಪ್ಪು ಕೌಜುಗಕ್ಕೆ ಬೆಲೆ ಏರಿಸುವುದು ವ್ಯಾಪಾರವೇ ಹೊರತು ವಿಜ್ಞಾನವಲ್ಲ.

ಲೆಕ್ಕದ ಮೇಷ್ಟ್ರು

ಹ್ಯಾಚರಿಯವರು ಹೇಳಿದ 'ಸಂಶೋಧನೆಯ ಆಧಾರ'ದ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದು ಪೂರ್ತಿ ಕಟ್ಟುಕಥೆಯಲ್ಲ. ಚೀನಾದಲ್ಲಿ ಕೌಜುಗ ಸಾಕಣೆ ದೊಡ್ಡ ಉದ್ಯಮ. ಅಲ್ಲಿನ ಹಳದಿ, ಕಪ್ಪು ಮತ್ತು ಕೊರಿಯನ್ ತಳಿಗಳ ಮೇಲೆ ಬಣ್ಣದ ಜೀನಿಗೂ ಮಾಂಸದ ಗುಣಕ್ಕೂ ನಂಟು ಹುಡುಕುವ ಪ್ರಬಂಧಗಳು ಬಂದಿವೆ. ಅವುಗಳನ್ನು ಓದುವಾಗ ಎರಡು ವಿಷಯ ಗಮನದಲ್ಲಿರಲಿ.

ಒಂದು ಜೀನಿನ ಎರಡು ಮೂರು ಜಾಗಗಳಲ್ಲಿನ ಅಕ್ಷರ ನೋಡಿ, ಅದನ್ನು ಪಿಎಚ್, ಬಣ್ಣ, ನೀರಿನ ಸೋರಿಕೆ, ಕತ್ತರಿಸುವ ಬಲ ಮೊದಲಾದ ಹತ್ತು ಗುಣಗಳೊಂದಿಗೆ ಹೋಲಿಸಿದರೆ ಇಪ್ಪತ್ತು ಮೂವತ್ತು ಹೋಲಿಕೆಗಳಾಗುತ್ತವೆ. ಶೇಕಡಾ 5ರ ಮಟ್ಟದಲ್ಲಿ ತೂಗಿದರೆ, ಏನೂ ನಂಟಿಲ್ಲದಿದ್ದರೂ ಇಪ್ಪತ್ತರಲ್ಲಿ ಒಂದು ಹೋಲಿಕೆ ಬರಿಯ ಅದೃಷ್ಟದಿಂದ 'ಮಹತ್ವದ್ದು' ಎಂದು ಹೊರಬೀಳುತ್ತದೆ. ಪ್ರಬಂಧದ ಸಾರಾಂಶದಲ್ಲಿ ಉಳಿಯುವುದು ಆ ಒಂದೇ.

ಎರಡನೆಯದು ತಳಿಯ ಇತಿಹಾಸ. ಬರೇಲಿಯ ಬಳಿಯ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ತಳಿಗಳನ್ನೇ ತೆಗೆದುಕೊಳ್ಳಿ. ನಮ್ಮ ದೇಶಕ್ಕೆ ಜಪಾನಿ ಕೌಜುಗ 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಇಜ್ಜತ್‌ನಗರಕ್ಕೇ ಬಂದದ್ದು. ಅಲ್ಲಿನ ಕ್ಯಾರಿ ಉತ್ತಮ್ ಮಾಮೂಲಿ ಬಣ್ಣದ್ದು, ಮಾಂಸಕ್ಕಾಗಿ ಆರಿಸಿ ಬೆಳೆಸಿದ್ದು. ಕ್ಯಾರಿ ಶ್ವೇತಾ ಬಿಳಿ. ಇವೆರಡರ ಮಾಂಸವನ್ನು ಪಕ್ಕಪಕ್ಕದಲ್ಲಿಟ್ಟು ಅಳೆದರೆ ವ್ಯತ್ಯಾಸ ಸಿಕ್ಕೀತು, ಆದರೆ ಅದು ಬಣ್ಣದ ವ್ಯತ್ಯಾಸ ಎನ್ನಲು ಬರುವುದಿಲ್ಲ. ತಲೆಮಾರುಗಳಿಂದ ತೂಕ ನೋಡಿ ಆರಿಸಿದ ಸಾವಿರಾರು ಬೇರೆ ಜೀನುಗಳ ವ್ಯತ್ಯಾಸವೂ ಅದರಲ್ಲಿ ಸೇರಿರುತ್ತದೆ. ಬಿಳಿ, ಹೊಂಬಣ್ಣ, ಕಪ್ಪು ತಳಿಗಳನ್ನು ಹೋಲಿಸಿ ಬಣ್ಣಕ್ಕೆ ಶ್ರೇಯ ಕೊಡುವ ಬಹುಪಾಲು ವರದಿಗಳು ಜಾರುವುದು ಇಲ್ಲೇ.

ಶಿರಾ ಸೀಮೆಯವ

ಇಷ್ಟೆಲ್ಲ ಓದಿದ ಮೇಲೆ ಕಪ್ಪನ್ನು ಕೈಬಿಟ್ಟಿದ್ದೇನೆ. ಮಾಮೂಲಿ ಬಣ್ಣದ ಮರಿಯನ್ನೇ ತರುತ್ತೇನೆ, ಅದೂ ತಂದೆತಾಯಿಯ ಐದು ವಾರದ ತೂಕದ ದಾಖಲೆ ತೋರಿಸುವವರಿಂದ. ಆದರೂ ಹೊಂಬಣ್ಣದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ನನ್ನ ಶೆಡ್ಡಿನಲ್ಲೇ ನ್ಯಾಯವಾದ ಪರೀಕ್ಷೆ ಮಾಡುವ ದಾರಿ ಇದೆಯೇ?

ಜೀನು ಓದುವವಳು

ಇದೆ. ಆ ಪರೀಕ್ಷೆಗೆ ಹಳದಿ ಬಣ್ಣದಷ್ಟು ಅನುಕೂಲವಾದದ್ದು ಬೇರೆ ಇಲ್ಲ. ಬದುಕಿರುವ ಪ್ರತಿ ಹಳದಿ ಹಕ್ಕಿಯಲ್ಲೂ ಒಂದು ಹಳದಿ ಜೀನು, ಒಂದು ಮಾಮೂಲಿ ಜೀನು ಇರಲೇಬೇಕು. ಹಳದಿ ಗಂಡನ್ನು ಮಾಮೂಲಿ ಹೆಣ್ಣುಗಳ ಜೊತೆ ಬಿಟ್ಟರೆ ಮೊಟ್ಟೆಯೊಳಗೆ ಸಾಯುವ ಪ್ರಶ್ನೆಯಿಲ್ಲ. ಹದಿನೇಳು ಹದಿನೆಂಟು ದಿನಕ್ಕೆ ಹೊರಬರುವ ಮರಿಗಳಲ್ಲಿ ಸರಿಸುಮಾರು ಅರ್ಧ ಹಳದಿ, ಅರ್ಧ ಮಾಮೂಲಿ. ಎಲ್ಲವೂ ಒಡಹುಟ್ಟಿದವು, ಒಂದೇ ಬುಟ್ಟಿಯ ಕಾವಿನಲ್ಲಿ ಒಡೆದವು. ಬೇರೆ ಜೀನುಗಳೆಲ್ಲ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿರುತ್ತವೆ. ಮೇಷ್ಟ್ರು ಹೇಳಿದ ತಳಿಯ ಇತಿಹಾಸದ ತೊಡಕು ಇಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಹಳದಿ ಜೀನಿಗೆ ಅಂಟಿಕೊಂಡಿರುವ ಆಸುಪಾಸಿನ ತುಣುಕು ಮಾತ್ರ ಜೊತೆಗೇ ಬರುತ್ತದೆ. ಅದನ್ನು ಶೆಡ್ಡಿನಲ್ಲಿ ಬೇರ್ಪಡಿಸಲಾಗದು.

ಪಶುವೈದ್ಯ, ಹಾಸನ

ಅದಕ್ಕೆ ಮೂರು ಮಾತು ಸೇರಿಸುತ್ತೇನೆ. ಎರಡೂ ಬಣ್ಣವನ್ನು ಒಂದೇ ಆವರಣದಲ್ಲಿ ಬೆರೆಸಿ ಬೆಳೆಸಿ. ಬೇರೆ ಬೇರೆ ಇಟ್ಟರೆ ಆವರಣದ ವ್ಯತ್ಯಾಸ ಬಣ್ಣದ ವ್ಯತ್ಯಾಸವಾಗಿ ಕಾಣುತ್ತದೆ. ಗಂಡುಹೆಣ್ಣುಗಳ ಲೆಕ್ಕವನ್ನು ಕೊಯ್ದ ಮೇಲೆ ಒಳಗೆ ನೋಡಿಯೇ ಬರೆದುಕೊಳ್ಳಿ, ಹೊರಗಿನ ಅಂದಾಜು ಬೇಡ. ಕೊಯ್ಯುವಾಗ ಹಳದಿಯನ್ನೆಲ್ಲ ಮೊದಲು, ಕಂದನ್ನೆಲ್ಲ ಆಮೇಲೆ ಎಂದು ಮಾಡದೆ ಒಂದಾದ ಮೇಲೆ ಇನ್ನೊಂದನ್ನು ತೆಗೆದುಕೊಂಡು, ಪಿಎಚ್ ಕಡ್ಡಿಯನ್ನು ಪ್ರತಿ ಹಕ್ಕಿಯ ಎದೆಯಲ್ಲೂ ಒಂದೇ ಜಾಗಕ್ಕೆ, ಕೊಯ್ದ ಅಷ್ಟೇ ಹೊತ್ತಿನ ನಂತರ ಚುಚ್ಚಿ. ಸಾಲಿನ ಕೊನೆಯಲ್ಲಿ ಕಾದು ಬೆದರಿದ ಹಕ್ಕಿಗೂ ಮೊದಲ ಹಕ್ಕಿಗೂ ಪಿಎಚ್‌ನಲ್ಲಿ ವ್ಯತ್ಯಾಸವಿದ್ದೇ ಇರುತ್ತದೆ. ಯಾವ ಮರಿ ಯಾವ ತಾಯಿಯದು ಎಂದು ತಿಳಿಯಲು ಕಾಲಿಗೆ ಉಂಗುರ ಹಾಕುವುದಾದರೆ ಮೂರನೆಯ ವಾರದೊಳಗೆ ದೊಡ್ಡ ಅಳತೆಯದಕ್ಕೆ ಬದಲಾಯಿಸಿ. ಕೌಜುಗದ ಮರಿ ಬೆಳೆಯುವ ರಭಸಕ್ಕೆ ಮೊದಲ ವಾರದ ಉಂಗುರ ಕಾಲನ್ನು ಕೊಯ್ಯುತ್ತದೆ.